ನಲವತ್ತೊಂದನೇ ಮೆಟ್ಟಿಲು

ಲಿಫ್ಟಿನ ಜಾಲರಿ ಬಾಗಿಲಿಗೆ ಸುತಳಿ ಕಟ್ಟಿ
ರಟ್ಟಿನ ಮೇಲೆ ಬರೆದಿದ್ದರು: ಬಂದ್ ಆಹೇ.
ಎಲ್ಲಿಯವರೆಗೆ ಅಂತ ಬರೆದಿರಲಿಲ್ಲ.
ಮುಲುಂಡಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

ನಮ್ಮದು ಏಳನೇ ಮಹಡಿ.
ಕೈಯಲ್ಲಿ ಎರಡು ಕಿಲೋ ಬಟಾಟೆ, ಒಂದು ಸಿವುಡು ಮೆಂತ್ಯ,
ಬ್ಯಾಂಕಿಗೆ ಒಯ್ದ ಬುತ್ತಿಯ ಖಾಲಿ ಡಬ್ಬಿ,
ಜೊತೆಗೆ, ಡಾಕ್ಟರು ಫೋಟೋ ನೋಡಿ ನಕ್ಕ ಬಲ ಮೊಣಕಾಲು.
ಮೊದಲ ದಿನ ಬೈಯುತ್ತ ಹತ್ತಿದೆ:
ಸೆಕ್ರೆಟರಿ ಗಾವಣಕರನನ್ನು, ಅವನ ಮೀಟಿಂಗುಗಳನ್ನು,
ಮೀಟಿಂಗಿನ ತಣ್ಣನೆಯ ಸಮೋಸಾಗಳನ್ನೂ.

ಎರಡನೇ ದಿನ ಎಣಿಸುತ್ತ ಹತ್ತಿದೆ.
ಕೌಂಟರಿನಲ್ಲಿ ಹಿಂದಿ, ಬಾಗಿಲಲ್ಲಿ ಮರಾಠಿ,
ಮಗಳೊಂದಿಗೆ ಎಲ್ಲ ಕಲಸಿದ ಚಿತ್ರಾನ್ನ.
ಎಣಿಕೆಯೊಂದು ಮಾತ್ರ ಕನ್ನಡದಲ್ಲೇ ಉಳಿದಿದೆ,
ಬಾಗಲಕೋಟೆಯ ಕರಿಹಲಗೆಯ ಧೂಳು ಕೊಡವದೆ.
ಹದಿನಾರು, ಹದಿನೇಳು, ಹದಿನೆಂಟು.
ಒಂದನೇ ಮಹಡಿ. ಉಸ್ಸೆಂದು ನಿಲ್ಲು.
ನಿಂತರೆ ಮೂಗಿಗೆ ಕೆಲಸ:
ವೇದ್ ಅವರ ಮನೆಯಲ್ಲಿ ಹಿಂಗು ತುಸು ಸೀದಿದೆ,
ಯಾರೋ ಯಾರಿಗೋ ಗದರುತ್ತಿದ್ದಾರೆ, ಮೆಲ್ಲಗೆ,
ಎದುರಿನ ಮನೆಗೆ ಕೇಳದ ಹಾಗೆ.

ಇಪ್ಪತ್ತೆರಡು ವರ್ಷ
ಇವರೆಲ್ಲ ನನಗೆ ಬರೀ ಗುಂಡಿಗಳಾಗಿದ್ದರು,
ಒತ್ತದೇ ಬಿಟ್ಟ ಗುಂಡಿಗಳು.

ಮೂರರಲ್ಲಿ ಒಂಬತ್ತರ ಮಗ್ಗಿ
ಪ್ರತಿ ಸಂಜೆ ಒಂಬತ್ತೇಳಲಿ ಎಡವುತ್ತದೆ.
ಆ ಮಗುವನ್ನು ನಾನಿನ್ನೂ ನೋಡಿಲ್ಲ.
ನಾಲ್ಕರಲ್ಲಿ ಚಿಟ್ಣೀಸರ ಚಪ್ಪಲಿ, ಬಾಗಿಲ ಹೊರಗೆ, ಪಾಲಿಶ್ ಮಾಡಿದ್ದು.
ಅವರು ಹೋಗಿ ಎರಡು ದೀಪಾವಳಿ ಕಳೆದವು.
ನಾನು ನಿಂತು ನೋಡಿದ್ದು ನೋಡಿ ಅವರ ಹೆಂಡತಿ ಅಂದರು:
‘ಕೊರಿಯರಿನವರಿಗೆ, ಮಾರಲು ಬರುವವರಿಗೆ
ಒಳಗೆ ಗಂಡಸಿದ್ದಾನೆ ಅನಿಸಲಿ ಅಂತ.’
ಆಮೇಲೆ ನೀರು ಕೊಟ್ಟರು.
ಆಮೇಲೆ, ‘ಸೈಜು ಒಂಬತ್ತು’ ಅಂದರು, ನಾನು ಕೇಳದಿದ್ದರೂ.

ಐದರ ಕಿಟಕಿಯಾಚೆ ಕಾಗೆ
ನಮ್ಮದೇ ಕಳೆದುಹೋದ ತಂತಿ ಹ್ಯಾಂಗರುಗಳಿಂದ
ಮನೆ ಕಟ್ಟುತ್ತಿತ್ತು.
ಒಂದನ್ನು ಎಡಕ್ಕೆ ಸಿಕ್ಕಿಸಿತು, ಒಪ್ಪಲಿಲ್ಲ, ಕಿತ್ತು ಬಲಕ್ಕಿಟ್ಟಿತು.
ನಾನೂ ಅಲ್ಲೇ ಕೂತೆ, ಮೆಂತ್ಯ ಬಿಡಿಸುತ್ತ.
ಏನು ಚಂದ ಅನಿಸಿತು. ನಿಧಾನ ಎಂಬುದು
ನನಗೇ ಒಲಿದ ವಿದ್ಯೆ ಅನಿಸಿತು.

ಏಳನೇ ದಿನ, ಹಾಲಿನ ಹುಡುಗನನ್ನು ಹಿಡಿದು ಕೇಳಿದೆ:
ಲಿಫ್ಟಿಲ್ಲದೆ ನಿನಗೂ ತ್ರಾಸ, ಅಲ್ಲವೇನೋ?
ಅವನು ಕಣ್ಣು ಪಿಳುಕಿಸಿದ.
‘ಲಿಫ್ಟು ಕೆಟ್ಟಿದೆಯಾ, ಆಂಟಿ?’

ನೆಲಮಹಡಿಯ ಗೋಡೆಯಲ್ಲಿ ಹಳೇ ಬೋರ್ಡು:
ಹಾಲು, ಪೇಪರು, ಕಸದವರಿಗೆ ಮೆಟ್ಟಿಲು ಮಾತ್ರ.
ಕೆಳಗೆ ಕಮಿಟಿಯ ಐದು ಸಹಿ.
ಮೂರನೆಯದು ನನ್ನದು. ಅಕ್ಷರ ದುಂಡಗಿದೆ.

ಮೆಟ್ಟಿಲು ಒರೆಸುವ ಸುಗಂಧಾಬಾಯಿ ಎಣಿಸುವುದಿಲ್ಲ.
ಎರಡು ಮೂರರ ನಡುವೆ ನಾನು ದಿನಾ ಮುಗ್ಗರಿಸುವಲ್ಲಿ
ಒದ್ದೆ ಬಟ್ಟೆ ಹಿಂಡುತ್ತ ಹೇಳಿದಳು:
‘ಅದೊಂದು ಗಿಡ್ಡ, ಬಾಯಿ. ಅರ್ಧ ಬೆರಳು.
ಕಟ್ಟಿದವನಿಗೆ ಅವತ್ತು ಮನೆಗೆ ಹೋಗುವ ಅವಸರವಿತ್ತೇನೋ.
ಕಾಲಿಗೆ ಹೇಳಿಟ್ಟುಕೊಳ್ಳಿ.’
ನನ್ನ ಲೆಕ್ಕದಲ್ಲಿ ಅದು ನಲವತ್ತೊಂದು.
ಅವಳ ಲೆಕ್ಕದಲ್ಲಿ, ಗಿಡ್ಡಿ.

ಹನ್ನೆರಡನೇ ದಿನ ಲಿಫ್ಟು ಬಂತು,
ಹೊಸ ಕನ್ನಡಿ, ಹೊಸ ಫ್ಯಾನಿನೊಂದಿಗೆ.
ಗಾವಣಕರ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದ.
ಬೋರ್ಡಿನ ಮಾತೆತ್ತಿದೆ.
‘ಮುಂದಿನ ಮೀಟಿಂಗಿನಲ್ಲಿ ನೋಡೋಣ’ ಅಂದ, ಪೇಢಾ ಕೊಟ್ಟ.
ಪೇಢಾ ತಿಂದೆ.

ಒಳಗೆ ನಿಂತು ಏಳು ಒತ್ತಿದೆ. ಮೊಣಕಾಲು ಹರಸಿತು.
ಜಾಲರಿಯಾಚೆ ಮನೆಗಳು ಜಾರಿದವು,
ಹಿಂಗಿನ ಒಂದು ಎಳೆ, ಮಗ್ಗಿಯ ಅರ್ಧ ಸಾಲು,
ನಡುವೆ ಎಲ್ಲೋ ಕುಕ್ಕರುಗಾಲಲ್ಲಿ ಕೂತ ಬೆನ್ನು,
ಬಕೆಟ್ಟು.
ಕಂಡಿತು ಅನ್ನುವಷ್ಟರಲ್ಲಿ ಗೋಡೆ.

ಆದರೆ ಎರಡು ಮೂರರ ನಡುವೆ
ನಿಂತಲ್ಲೇ ನಿಂತಿದ್ದ ನನ್ನ ಬಲಗಾಲು
ತಾನಾಗಿ
ಅರ್ಧ ಬೆರಳು ತಗ್ಗಿತು.