ಎರಡನೆಯ ಬ್ರೇಕು

ಬೆಲ್ಟು ಬಿಚ್ಚು, ಅಂದ ಅಪ್ಪ.
ನನಗೆ ಹದಿನೇಳು. ಸಮುದ್ರ ಗಟ್ಟಿಯಾದ ವರ್ಷ.
ಹೀಯುಮಾ ದ್ವೀಪದ ಕಡೆಗೆ ಮಂಜುಗಡ್ಡೆಯ ಮೇಲೇ ದಾರಿ,
ಅಂಚಿನ ಗುರುತಿಗೆ ಹುಗಿದ ಜುನಿಪರ್ ಕೊಂಬೆಗಳು
ಯಾರೋ ನೆಟ್ಟು ಮರೆತ ತೋಟದ ಹಾಗೆ.

"ಬಿರುಕು ಬಿಟ್ಟರೆ ಬಾಗಿಲು ತೆಗೆದು ಹಾರಬೇಕು,
ಕೊಂಡಿ ತಡಕುತ್ತ ಕೂರೋಕಾಗಲ್ಲ.
ಇಪ್ಪತ್ತೈದರ ಒಳಗೇ ಹೋಗು. ಇಲ್ಲಾ, ನಲವತ್ತು ದಾಟಿಬಿಡು.
ನಡುವೆ ಮಾತ್ರ ಬೇಡ, ಹೆಲ್ಯು.
ನಡುವಿನ ವೇಗಕ್ಕೆ ಅಡಿಯ ನೀರು ಅಲೆ ಎದ್ದು
ಗಡ್ಡೆಯನ್ನು ಕೆಳಗಿನಿಂದ ಒಡೆಯುತ್ತೆ."

ಮೊಸ್ಕ್ವಿಚ್ ಕಾರಿನ ಗೇರಿನ ತಲೆಯಲ್ಲಿ
ಗಾಜಿನಂಥ ಅಂಟಿನೊಳಗೆ ಹುದುಗಿದ ಏಡಿ.
ಉಣ್ಣೆಯ ಕೈಗವಸಿನಲ್ಲಿ ಅದನ್ನು ಹಿಡಿದು
ಮೂರಕ್ಕೆ ಹಾಕು ಅಂದರೆ ಒಂದಕ್ಕೆ ಹಾಕಿದೆ.
ಕಾರು ಕತ್ತೆಯಂತೆ ಅರಚಿತು. ಅಪ್ಪ ಬೈಯಲಿಲ್ಲ.
ತನ್ನ ಕಡೆಯ ಬಾಗಿಲು ಒಂದು ಗೇಣು ತೆರೆದು ಹಿಡಿದು
ದಾರಿಯುದ್ದಕ್ಕೂ ಸಿಗರೇಟಿನ ಬೂದಿ ಸಮುದ್ರಕ್ಕೆ ಕೆಡವುತ್ತ
ನನ್ನತ್ತ ಒಮ್ಮೆಯೂ ನೋಡಲಿಲ್ಲ.
ಕಲಿಸುವುದೆಂದರೆ ಅದೇ ಎಂದು ನನಗೆ ತಿಳಿದದ್ದು
ಎಷ್ಟು ವರ್ಷದ ಮೇಲೆ ಅಂತ ಕೇಳಬೇಡಿ.

ಹಾಪ್ಸಲು ಪೇಟೆಯಲ್ಲಿ ಕಾರು ಕಲಿಸುತ್ತೇನೆ ಈಗ.
ಇಪ್ಪತ್ತಾರು ವರ್ಷ, ದಿನಕ್ಕೆ ಆರು ಸಲ,
ಮೊದಲ ಮಾತು ಒಂದೇ: ಬೆಲ್ಟು ಹಾಕು.
ನನ್ನ ಕಾಲ ಬಳಿಯೂ ಒಂದು ಬ್ರೇಕು ಇದೆ, ಎರಡನೆಯದು.
ಬಲಗಾಲಿನ ಬೂಟು ಮಾತ್ರ ಸವೆಯುತ್ತೆ.
"ಎಡಗಾಲನ್ನು ಮನೆಯಲ್ಲೇ ಬಿಟ್ಟು ಬರ್ತೀಯಾ?"
ರಿಪೇರಿ ಅಂಗಡಿಯ ಎಂಡೆಲ್ ಪ್ರತಿ ಸಲ ಕೇಳುತ್ತಾನೆ.
ಬಸ್ಸಿನಲ್ಲಿ, ನಾದಿನಿಯ ಕಾರಿನಲ್ಲಿ, ಸಿನಿಮಾ ನೋಡುವಾಗಲೂ
ಪಾದ ನೆಲವನ್ನು ಒತ್ತುತ್ತಿರುತ್ತೆ,
ಲೋಕ ಕೊಂಚ ಹೆಚ್ಚೇ ಜೋರಾಗಿ ಓಡುತ್ತಿದೆ ಎಂಬಂತೆ.

ಮೀನುಗಾರರ ಹುಡುಗ ಟೌನೊ
ದೋಣಿಯ ಚುಕ್ಕಾಣಿ ಹಿಡಿದು ಬೆಳೆದವನು.
ಎಡಕ್ಕೆ ಅಂದರೆ ಕೈ ಬಲಕ್ಕೇ ಹೋಗುತ್ತಿತ್ತು;
ಶಾಲೆಯ ತಿರುವಿನ ಅಂಚೆಡಬ್ಬಿ ಇವತ್ತಿಗೂ ವಾಲಿಕೊಂಡಿದೆ.
ಆಸ್ಪತ್ರೆಯ ನರ್ಸ್ ಒಬ್ಬಳು
ಕ್ಲಚ್ಚು ಬಿಡುವಾಗ ಉಸಿರು ಬಿಗಿಹಿಡಿಯುವಳು,
ಕಾರು ಹೊರಟ ಮೇಲೂ ಬಿಡಲು ಮರೆತು
ಮೂರನೇ ಗೇರಿನ ಹೊತ್ತಿಗೆ ಕೆಂಪಾಗುವಳು.

ಆಮೇಲೆ ಸಾಲ್ಮೆ. ಅರವತ್ತೊಂದು.
ಗಂಡ ಇರುವತನಕ ಕೀಲಿಕೈ ಅವನ ಜೇಬಿನಲ್ಲಿ.
"ನಿನಗ್ಯಾಕೆ, ನಾನಿಲ್ಲವಾ" ಅನ್ನುತ್ತಿದ್ದನಂತೆ.
ಈಗ ಇಲ್ಲ.
ಪರೀಕ್ಷೆಯಲ್ಲಿ ಮೂರು ಸಲ ಫೇಲು, ನಾಲ್ಕಕ್ಕೆ ಪಾಸು.
ಅವನ ವೋಲ್ವೊ ಹೊರಗೆ ತೆಗೆದಳು.
ಸೀಟು ಮಾತ್ರ ಮುಂದಕ್ಕೆ ಎಳೆಯಲೊಲ್ಲಳು:
ಅವನ ಉದ್ದ ಕಾಲಿಗೆ ಸರಿಸಿದ್ದು ಹಾಗೇ ಇರಲಿ ಅಂತ
ಬೆನ್ನಿಗೆ ಎರಡು ದಿಂಬು ಒತ್ತಿಕೊಂಡು ಓಡಿಸುತ್ತಾಳೆ.
ನಾನು ಕಲಿಸಿದ್ದರಲ್ಲಿ ಇದಿಲ್ಲ. ಸುಮ್ಮನಿದ್ದೆ.

ಏಳು ಚಳಿಗಾಲ ನೀರು ನೀರಾಗಿಯೇ ಇತ್ತು.
ಎಂಟನೆಯದರಲ್ಲಿ ರೇಡಿಯೊ ಹೇಳಿತು, ದಾರಿ ತೆರೆದಿದೆ ಅಂತ.
"ಬರ್ತೀಯಾ?" ಸಾಲ್ಮೆ ಫೋನು ಮಾಡಿದಳು.

ದಡದ ಕಾವಲಿನವನು ಕಿಟಕಿಗೆ ಬಗ್ಗಿದ: ಬೆಲ್ಟು ಬಿಚ್ಚಿ.
ನಾನು ಹೇಳಬೇಕಿದ್ದ ಮಾತು, ನಾಲಿಗೆ ಒಪ್ಪಿರಲಿಲ್ಲ.
ಬಿಚ್ಚಿದೆವು. ಕಾರು ಕೂಗಲು ಶುರುಮಾಡಿತು,
ಟಿಣ್, ಟಿಣ್,
ಮರೆತವರಿಗೆಂದು ಇಟ್ಟ ಆ ಸದ್ದು
ಮರೆಯದವರಿಬ್ಬರ ನಡುವೆ.
"ಯಾರನ್ನು ಕರೀತಿದೆ ಇದು?" ಅಂದಳು.
ಮುಳ್ಳು ಇಪ್ಪತ್ತೆಂಟರಲ್ಲಿ ನಡುಗುತ್ತಿತ್ತು.
ನಡುವೆ ಬೇಡ, ಅಂದೆ. ದನಿ ನನ್ನದಾಗಿರಲಿಲ್ಲ.
ಅವಳು ನಲವತ್ತೈದಕ್ಕೆ ಏರಿಸಿದಳು. ಒಂದು ದಿಂಬು ಜಾರಿತು.

ನನ್ನ ಬಲಗಾಲು ಬ್ರೇಕು ಹುಡುಕಿತು.
ಇಲ್ಲಿ ಬರೀ ಕಾಲೊರಸು,
ಅದರ ಬಲಮೂಲೆಯಲ್ಲಿ ಹಿಮ್ಮಡಿಯಗಲದ ಸವೆದ ಗುಳಿ.
ಹದಿನಾರು ವರ್ಷ ಈ ಸೀಟಿನಲ್ಲಿ ಕೂತವಳು ಅವಳೇ.

ಕಾಲು ಹಿಂದಕ್ಕೆ ಎಳೆದುಕೊಂಡೆ.
ಬಾಗಿಲು ಒಂದು ಗೇಣು ತೆರೆದು
ಹೊರಗಿನ ಬಿಳುಪಿನತ್ತ ಮುಖ ಮಾಡಿದೆ.
ಸಿಗರೇಟು ಬಿಟ್ಟು ಎಷ್ಟೋ ಕಾಲ,
ಕೆಡವಲು ಕೈಯಲ್ಲಿ ಏನೂ ಇರಲಿಲ್ಲ.