ದಾದಾಪೀರನಿಗೆ, ರೆಕ್ಕೆ ಅಂಟಿಸುವ ಮೊದಲು

ಮೊದಲು ಕೈ ತೊಳೆದುಕೊ.
ಮಂಡಕ್ಕಿ ಭಟ್ಟಿಯ ಮಸಿ ಉಗುರಿನ ಸಂದಿಯಲ್ಲಿದೆ ಇನ್ನೂ;
ಅದು ಬೇಕು ನಮಗೆ, ಆದರೆ ಈಗಲ್ಲ.
ಭಾಗಗಳನ್ನೂ ಸೋಪಿನ ನೀರಲ್ಲಿ ಅದ್ದಿ ತೆಗೆ.
ಅಚ್ಚಿನ ಎಣ್ಣೆ ಉಳಿದರೆ ಬಣ್ಣ ನಿಲ್ಲುವುದಿಲ್ಲ,
ಎಣ್ಣೆತಲೆಯ ಮೇಲೆ ನೀರು ನಿಲ್ಲದ ಹಾಗೆ.

ಚೌಕಟ್ಟಿನಿಂದ ತಿರುಚಿ ಕೀಳಬೇಡ ತಮ್ಮಾ, ಕತ್ತರಿಸು.
ಕಿತ್ತ ಹಲ್ಲು ಒಸಡನ್ನೂ ಚೂರು ತಗೊಂಡೇ ಬರುತ್ತೆ,
ಇಪ್ಪತ್ತೆರಡು ವರ್ಷದಿಂದ ಹಲ್ಲು ಕಟ್ಟುವವಳು ಹೇಳ್ತಿದೀನಿ.
ಈ ಟೇಬಲ್ಲಿನ ಮೇಲೆ ಹಗಲೆಲ್ಲ ದವಡೆಗಳು,
ಒಂದೊಂದಕ್ಕೂ ಒಂದು ಹೆಸರಿನ ಚೀಟಿ;
ಏಳು ಗಂಟೆಯ ಮೇಲೆ ರೆಕ್ಕೆಗಳು.
ಉಪಕರಣ ಮಾತ್ರ ಅವೇ.
ಹುಳುಕು ಹುಡುಕಿ ಹುಡುಕಿ ಸವೆದ ಈ ಕೊಕ್ಕೆ ನೋಡು,
ತಗಡಿನ ಜೋಡಣೆಯ ಗೆರೆ ಕೊರೆಯೋಕೆ
ಇದಕ್ಕಿಂತ ಒಳ್ಳೇದು ಯಾವ ಅಂಗಡಿಯಲ್ಲೂ ಸಿಗಲ್ಲ.

ಅಂಟು ಹಚ್ಚದೆ ಒಮ್ಮೆ ಕೂಡಿಸಿ ನೋಡು.
ಇನ್ನೊಮ್ಮೆ ನೋಡು.
ನಿನ್ನದು ಫ್ಯಾನಿನ ವಿಮಾನ, ಬಾಲದಲ್ಲಿ ಚಕ್ರ, ಬಚಾವಾದೆ.
ಮೂಗಿನಲ್ಲಿ ಚಕ್ರ ಇದ್ದರೆ ಒಳಗೆ
ಮೀನುಬಲೆಯ ಸೀಸದ ಗುಂಡು ಆರು ತುಂಬಬೇಕು;
ಮರೆತಿದ್ದಕ್ಕೆ ನನ್ನ ಮೊದಲನೇ ಜೆಟ್ಟು ಇವತ್ತಿಗೂ
ಉಂಡ ನಾಯಿಯ ಹಾಗೆ ಬಾಲದ ಮೇಲೆ ಕೂತಿದೆ.
ಗಾಜಿನ ಮುಚ್ಚಳಕ್ಕೆ ಫೆವಿಕಾಲ್, ಒಂದೇ ಹನಿ.
ಫೆವಿಕ್ವಿಕ್ ಹಚ್ಚಿದೆಯೋ, ಒಳಗೆಲ್ಲ ಮಂಜು,
ಪೈಲಟ್ಟಿನ ಕಣ್ಣಿಗೆ ಪೊರೆ.

ಬಣ್ಣ ಬೆಳಗ್ಗೆ ಆರಕ್ಕೆ.
ಏಪ್ರಿಲ್ಲಿನ ದಾವಣಗೆರೆಯಲ್ಲಿ ಹನ್ನೊಂದಕ್ಕೆ ಕೂತರೆ
ಡಬ್ಬಿಯಿಂದ ರೆಕ್ಕೆಗೆ ಬರುವಷ್ಟರಲ್ಲಿ ಬ್ರಶ್ಶು ಕಡ್ಡಿ.
ಹಳದಿಯ ಕೆಳಗೆ ಬಿಳಿ. ತೆಳ್ಳಗೆ.
ದೋಸೆಗೆ ಬೆಣ್ಣೆ ಹಾಕಿದ ಹಾಗಲ್ಲ,
ಈರುಳ್ಳಿ ಹೋಳಲ್ಲಿ ಕಾವಲಿಗೆ ಎಣ್ಣೆ ಸವರಿದ ಹಾಗೆ.
ಕಾಯಿ. ಮತ್ತೆ ತೆಳ್ಳಗೆ.

ಇಗೋ ಈ ಪಟ್ಟಿಯಲ್ಲಿ ಹದಿನಾರು ಹಲ್ಲು, ಹದಿನಾರೂ ಬಿಳಿ.
ಒಂದಾದರೂ ಬಿಳಿ ಇದೆಯಾ ಹೇಳು?
ಡಬ್ಬಿಯ ಹಳದಿ ಹಾಗೇ ಬಳಿದರೆ ಆಟಿಕೆ.
ಒಂದು ಹನಿ ಬಿಳಿ ಬೆರೆಸು.
ದೂರದ್ದು ಮಾಸಿ ಕಾಣುತ್ತೆ;
ಇಷ್ಟು ಚಿಕ್ಕದು ಅಂದರೆ ಅಷ್ಟು ದೂರ ಅಂತ ಲೆಕ್ಕ.

ಗುರುತಿನ ಚಕ್ರ, ಕೇಸರಿ ಒಳಗೆ ಹಸಿರು ಹೊರಗೆ,
ಉಗುರುಬೆಚ್ಚಗಿನ ನೀರಲ್ಲಿ ಮೂವತ್ತು ಎಣಿಸು.
ಕಾಗದದಿಂದ ತಾನಾಗೇ ಜಾರಬೇಕು. ಎಳೆದರೆ ಸುಕ್ಕು.

ಈಗ ನಿನ್ನ ಮಸಿ.
ಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಬ್ರಶ್ಶಿಂದ,
ಹೊಗೆಕೊಳವೆಯ ಹಿಂದೆ.
ನಾನು ಮೊದಲ ಸಲ ಅದನ್ನು ಕೆಳಕ್ಕೆ ಎಳೆದಿದ್ದೆ,
ಗೋಡೆಯ ಮೇಲೆ ಸೋರಿದ ನೀರಿನ ಗುರುತಿನಂತೆ.
ಆಗ ಡಾಕ್ಟರು ಕಳಿಸಿದರು ಅಂತ ಬಾತಿಯಿಂದ ಹಾಲಸ್ವಾಮಿ ಅನ್ನುವವರು
ಮುರಿದ ಹಲ್ಲುಸೆಟ್ಟು ಕರ್ಚೀಫಲ್ಲಿ ಸುತ್ತಿಕೊಂಡು ಬಂದರು.
ಬಂದವರು ಗಾಜಿನ ಬೀರುವಿನ ಮುಂದೆ ನಿಂತೇ ಬಿಟ್ಟರು.
'ಇದು ನಿಂತಲ್ಲೇ ಹೊಗಿ ಉಗುಳ್ತಿತ್ತೇನಮ್ಮ?
ಹಾರುವಾಗ ಎಲ್ಲಾ ಹಿಂದಕ್ಕೆ ಹೋಗತೈತಿ,
ಹೊಗೀನೂ, ಎಣ್ಣೀನೂ. ಹನ್ನೊಂದು ವರ್ಷ ಒರೆಸೀನಿ.
ನಾನು ಹಿಟ್ಟರ್.'

ಹಿಟ್ಟರ್ ಅಂದರೇನು, ನನಗೆ ತಿಳಿಯಲಿಲ್ಲ.
ಮುರುಕು ಕೂಡಿಸಿ, ಉಜ್ಜಿ, ಹೊಳಪು ಕೊಟ್ಟೆ.
ಹಾಕಿಕೊಂಡರು. ಎರಡು ಸಲ ಕಚ್ಚಿ ನೋಡಿದರು.
ಕನ್ನಡಿ ಹಿಡಿದಿದ್ದೆ, ಅದನ್ನು ನೋಡದೆ
ಬೀರುವಿನ ಕಡೆ ತಿರುಗಿ ಹೇಳಿದರು:
'ಫಿಟ್ಟರ್.'

ಬೀರು ಪೂರ್ವದ ಕಿಟಕಿಯ ಎದುರು ಬೇಡ,
ಬಿಸಿಲಿಗೆ ಗುರುತುಗಳು ಹಳದಿಯಾಗುತ್ತವೆ.
ಧೂಳಿಗೆ ಹಳೇ ಪೌಡರ್ ಬ್ರಶ್ಶು, ಮೂಗಿನಿಂದ ಬಾಲಕ್ಕೆ,
ಗಾಳಿ ಹೋಗುವ ಕಡೆಗೇ.
ಮೇಲಿನ ಅರೆಯಲ್ಲಿ ದವಡೆಗಳಿರಲಿ; ಬಂದವರು ನಗುತ್ತಾರೆ, ನಗಲಿ.
ಆ ತಪ್ಪು ಹೊಗೆಯದನ್ನು ನಾನಿನ್ನೂ ತಿದ್ದಿಲ್ಲ.
ಅದರ ಪಕ್ಕ ಒಂದು ಗೇಣು ಜಾಗ ಬಿಟ್ಟಿದೀನಿ.

ತಗೋ ಕಟ್ಟರ್.
ಕೈ ಒಣಗಿತಾ?