ಲೆಕ್ಕದ ಬಾಬ್ತು

ಗುರುವಾರ ನಾನು ವಿಭಾಗದಲ್ಲಿ ಸಿಗುವುದಿಲ್ಲ.
ಬಾಗಿಲಿಗೆ ಚೀಟಿ ಅಂಟಿಸಿ
ಹನ್ನೆರಡು ಮಂದಿಯನ್ನು ವ್ಯಾನಿಗೆ ತುಂಬಿ
ದೇಬಾ ಹೊಳೆಯ ಗುಂಟ ಹೊರಡುತ್ತೇನೆ.
ಅಗಲವಿಲ್ಲದ ಕಣಿವೆ. ಹೊಳೆಗೊಂದು ಪಾಲು,
ರೈಲಿಗೊಂದು ಪಾಲು, ಉಳಿದ ಸಂದಿಯಲ್ಲಿ
ಕಾರ್ಖಾನೆಯ ಮೇಲೆ ಮನೆ, ಮನೆಯ ಮೇಲೆ ಕಾರ್ಖಾನೆ.
ನಾವು ಸಿರಿಮಿರಿ ಎನ್ನುವ ಜಿನುಗು,
ಸಿರಿಯೂ ಇಲ್ಲ, ಮಿರುಗೂ ಇಲ್ಲ,
ಕೋಟಿನೊಳಗೆ ಇಳಿದು ಸುಮ್ಮನೆ ಕೂರುತ್ತದೆ.

ವರದಿಯಲ್ಲಿ ಇದರ ಹೆಸರು ಉದ್ಯಮ ಸಂಪರ್ಕ.
ಹೋದ ವರ್ಷ ಭೇಟಿ ಮೂವತ್ತೊಂದು, ಒಪ್ಪಂದ ಆರು,
ಕೈಕುಲುಕಿದ ಫೋಟೊಗಳಿಗೆ ಲೆಕ್ಕವಿಲ್ಲ.

ಎಡುರ್ನೆಯ ವರ್ಕ್‌ಶಾಪಿನಲ್ಲಿ ಒಂಬತ್ತು ಜನ.
ಅಜ್ಜ ಬಂದೂಕಿನ ನಳಿಗೆ ಕೊರೆಯುತ್ತಿದ್ದ,
ಅಪ್ಪ ಹೊಲಿಗೆಯಂತ್ರದ ಬಿಡಿಭಾಗ,
ಇವಳು ಗಾಳಿಯಂತ್ರದ ಗೇರಿಗೆ ಕೂರುವ ಬಳೆ.
ಬಳೆಯೇ, ಉಕ್ಕಿನದು. ಕೈ ತೂರಿಸಿದರೆ
ಭುಜ ದಾಟಿ ಹೋಗುತ್ತದೆ.
ಕಾಫಿ ಕೊಟ್ಟಳು. ಆಮೇಲೆ ಕೇಳಿದಳು:
"ಪ್ರೊಫೆಸರ್, ಹದಿನೈದು ವರ್ಷದಿಂದ ಕರೆತರುತ್ತಿದ್ದೀರಿ.
ನೋಡುತ್ತಾರೆ, ಫೋಟೊ ಹಿಡಿಯುತ್ತಾರೆ, ಬಿಸ್ಕತ್ತು ತಿನ್ನುತ್ತಾರೆ.
ಪದವಿ ಬಂದದ್ದೇ ತಡ
ವಿತೋರಿಯಾದ ದೊಡ್ಡ ಗೇಟಿನೊಳಗೆ ಮಾಯ.
ನನ್ನದೇನು ವಸ್ತುಸಂಗ್ರಹಾಲಯವೇ?
ಟಿಕೆಟ್ಟಾದರೂ ಇಡಲೇ?"

ನನ್ನ ಹತ್ತಿರ ಸ್ಲೈಡುಗಳಿದ್ದವು. ಉತ್ತರ ಇರಲಿಲ್ಲ.

ಆಚೆ ಲೇತಿನ ಮುಂದೆ ಸಬಾಸ್.
ನಲವತ್ತು ವರ್ಷದ ಸದ್ದು ಅವನ
ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ತಿಂದಿದೆ.
ಅಂಗೈಯನ್ನು ಯಂತ್ರದ ತಲೆಯ ಮೇಲಿಟ್ಟಿದ್ದ,
ಜ್ವರದ ಹಣೆ ಎನ್ನಲು ಹೊರಟೆ, ಬೇಡ,
ಹಳೆಯ ಸಾಲಗಾರನ ಹೆಗಲಿಗೆ ಕೈ ಹಾಕಿದಂತೆ.
ಹಾಗೇ ಇದ್ದವನು ತಟ್ಟನೆ ಫೀಡ್ ಇಳಿಸಿದ.
ನಮ್ಮ ಸೆನ್ಸರಿನ ಪರದೆಯಲ್ಲಿ ಗೆರೆ ಇನ್ನೂ ನೆಟ್ಟಗಿತ್ತು.
ಎರಡು ಸೆಕೆಂಡಿನ ಮೇಲೆ
ಒಂದು ಸಣ್ಣ ಬಿಕ್ಕಳಿಕೆ ಮೂಡಿ ಹೋಯಿತು.
ಹನ್ನೊಂದು ಜನ ಪರದೆ ನೋಡುತ್ತಿದ್ದರು.
ಒಯಾನಾ ಕೈ ನೋಡುತ್ತಿದ್ದಳು.

ಅವಳನ್ನು ಅಲ್ಲೇ ಬಿಟ್ಟೆ, ಆರು ತಿಂಗಳಿಗೆ.
ನಿಯಮದಲ್ಲಿ ಆರು ವಾರ.
ಆ 'ವಾರ'ದ ಮೇಲೆ ಕಾಫಿ ಚೆಲ್ಲಿತು
ಎಂದಿಟ್ಟುಕೊಳ್ಳಿ.

ಮೊದಲ ತಿಂಗಳಲ್ಲೇ ಮೂರು ಟೂಲು ಮುರಿದಳು.
ಫೋನಿನಲ್ಲಿ ಅಳು ನುಂಗಿದ ದನಿ:
"ಸಬಾಸ್ ಏನೂ ಹೇಳಿಕೊಡುವುದಿಲ್ಲ.
ಸಿಪ್ಪೆಯ ಬಣ್ಣ ನೋಡು ಅನ್ನುತ್ತಾನೆ.
ಬಿಳಿ ಬಂದರೆ ಹೆದರಿದ್ದೀ, ನೀಲಿ ಬಂದರೆ ಅವಸರ,
ಗೋಧಿ ಬಣ್ಣಕ್ಕೆ ಬಂದಾಗ ನನ್ನನ್ನು ಕರೆ."
ಇದೇ ಪಾಠವನ್ನು ನಾನು
ಮೂರು ಸಮೀಕರಣಗಳಲ್ಲಿ ಮಾಡುತ್ತೇನೆ.
ಸಮೀಕರಣ ಸುಳ್ಳೇನಲ್ಲ.
ಅದರಲ್ಲಿ ಒಯಾನಾಗೆ ನೂರಕ್ಕೆ ಐವತ್ತೆಂಟು,
ಕೊಟ್ಟವಳು ನಾನೇ.

ಎಡುರ್ನೆಯ ಬಿಲ್ಲು ಬಂತು.
ಟೂಲು ಮೂರು, ಕೆಟ್ಟ ಬಳೆ ಎರಡು,
ಒಟ್ಟು ಆರುನೂರ ನಲವತ್ತು ಯೂರೊ.
ಕೆಳಗೆ ಕೈಬರಹದಲ್ಲಿ: ಬಿಸ್ಕತ್ತಿನದು ಸೇರಿಸಿಲ್ಲ.

ಲೆಕ್ಕಪತ್ರ ಶಾಖೆ ಕೇಳಿತು, ಯಾವ ಬಾಬ್ತು?
ಪ್ರಯಾಣವೇ? ಅವಳು ಅಲ್ಲೇ ನಿಂತಿದ್ದಾಳೆ.
ಉಪಕರಣವೇ? ಉಳಿದಿಲ್ಲವಲ್ಲ.
ನಷ್ಟ ಎಂದು ಬರೆದರೆ ಸಮಿತಿ ಕೂರುತ್ತದೆ,
ಸಮಿತಿ ಕೂತರೆ ಏಳುವುದಿಲ್ಲ.
ಡೀನ್ ಮೂರು ಪತ್ರ ಬರೆದರು,
ಮೂರನೆಯದರಲ್ಲಿ ಸೌಜನ್ಯ ತೆಳುವಾಗಿತ್ತು.
ಒಂದು ರಾತ್ರಿ, ಎಲ್ಲರ ದೀಪ ಆರಿದ ಮೇಲೆ,
ಮುರಿದ ಟೂಲಿನ ಚೂರನ್ನು ಬೆರಳಲ್ಲಿ ಹೊರಳಿಸುತ್ತ
'ಪುಸ್ತಕ ಖರೀದಿ' ಎಂದು ಬರೆದು
ಸಹಿ ಹಾಕಿದೆ.
ಸೋಮವಾರ ಗ್ರಂಥಾಲಯದಿಂದ ಫೋನು:
ಐದು ಪ್ರತಿ ಎಂದಿದೆ, ತಲುಪಿಲ್ಲ,
ಕಪಾಟಿನ ಸಂಖ್ಯೆ ಏನು ಕೊಡೋಣ?

ಗುರುವಾರ ಮತ್ತೆ ಹೊಳೆ, ರೈಲು, ಜಿನುಗು.
ಒಯಾನಾ ತಲೆ ಎತ್ತಲಿಲ್ಲ.
ಅಂಗೈ ಯಂತ್ರದ ಮೇಲಿತ್ತು, ಉಗುರಿನ ಸಂದಿಯಲ್ಲಿ ಎಣ್ಣೆ.
ಎಡುರ್ನೆ ಕಪ್ಪು ಮುಂದೆ ತಳ್ಳಿ ಮೆಲ್ಲಗೆ ಕೇಳಿದಳು:
"ಬೇಸಗೆ ಕಳೆದರೆ ಇವಳೂ ಹೊರಟಾಳೇ?"
ಗೊತ್ತಿಲ್ಲ ಎಂದೆ.
ಈ ಸಲ ಬಿಸ್ಕತ್ತು ನಾನೇ ತಂದಿದ್ದೆ.